ಒಂದು ಸಂಜೆಯ ಊಟ

ಏಳು ದಿನ ಅನ್ನ, ತಿಳಿಸಾರು, ಹಪ್ಪಳ.
ಅಡುಗೆಯವನೂ ನಿಮ್ಮ ಜೊತೆಗೇ ವಿಮಾನ ಹತ್ತುತಾನೆ,
ಹೆದರಬ್ಯಾಡ್ರಿ ಅವ್ವಾರೆ, ಅಂದಿದ್ದಾನೆ ಏಜೆಂಟ್ ಶಂಭುಲಿಂಗ.
ಒಂದು ಸಂಜೆ ಮಾತ್ರ ನಮ್ಮ ಇಷ್ಟಕ್ಕೆ ಬಿಟ್ಟಿದ್ದಾನೆ:
ಫ್ರಾನ್ಸಿನವರದೇ ಊಟ, ಒಬ್ಬರಿಗೆ ಒಂದು ತಟ್ಟೆ,
ಶನಿವಾರದೊಳಗೆ ಹೆಸರು ಬರೆದು ಕೊಡಬೇಕು.

ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಷಟರ್ ಅರ್ಧ ಇಳಿಸಿ
ಗಲ್ಲಾದ ಮೇಲೆ ಪಟ್ಟಿ ಹರವಿಕೊಂಡಿದ್ದೇವೆ
ನಾನು, ಮತ್ತು ಮಂಡಕ್ಕಿ ಭಟ್ಟಿಯ ಮೆಹರುನ್ನೀಸಾ.
ಮಹಿಳಾ ಸಹಕಾರಿ ಬ್ಯಾಂಕಿನಲ್ಲಿ ಇಬ್ಬರೂ ನಿರ್ದೇಶಕಿಯರು,
ಆರು ವರ್ಷ ಚೀಟಿ ಕಟ್ಟಿದ್ದಕ್ಕೆ ಈ ಟಿಕೆಟ್ಟು.
ಅವಳ ಕೂದಲಲ್ಲಿ ಹೊಟ್ಟಿನ ಬೂದಿ,
ನನ್ನ ಸೆರಗಲ್ಲಿ ಚಟ್ನಿ.

ಪೆನ್ಸಿಲ್ ಅವಳ ಕೈಲಿ.
ಕೊಕ್ ಓ ವ್ಯಾನ್. ಏನದು?
ಕೋಳಿ. ಹೆಂಡದಲ್ಲಿ ಬೇಯಿಸಿದ್ದು.
ಕೋಳಿ ನಿನಗಾಗಲ್ಲ, ಹೆಂಡ ನನಗಾಗಲ್ಲ,
ಒಂದೇ ಗೀಟಲ್ಲಿ ಇಬ್ಬರದೂ ತೀರಿತು.
ಕಸ್ಸುಲೆ: ಬಿಳಿ ಅವರೆ ಅಂತ ಹಿಗ್ಗಿದೆ,
ಕೆಳಗೆ ಸಣ್ಣಕ್ಷರದಲ್ಲಿ ಹಂದಿ ಕೂತಿತ್ತು.
ಈರುಳ್ಳಿ ಸೂಪು. ಸದ್ಯ, ಈರುಳ್ಳಿ!
ಇಲ್ಲ, ನೀರು ದನದ ಎಲುಬಿನದು.
ಇದು ನಾನು ತಿನ್ನಬಹುದಿತ್ತು, ಅಂದಳು ಮೆಹರು ತಲೆಯೆತ್ತದೆ,
ಕೊಯ್ದವನು ಯಾರೋ ಏನೋ.
ಆಮೇಲೆ ಬಸವನಹುಳು.
ಬೆಳ್ಳುಳ್ಳಿ ಹಾಕಿ, ಚಿಪ್ಪಿನ ಸಮೇತ.
ಭದ್ರಾ ನಾಲೆ ದಂಡೆಯಲ್ಲಿ ಕಾಲಿಗೆ ಸಿಕ್ಕರೆ ದಾಟಿ ಹೋಗ್ತೀವಲ್ಲ, ಅದೇ.
ಬಸವನ ಹೆಸರು ಹೊತ್ತದ್ದನ್ನ ನಾನು ತಿನ್ನಲೇನೇ, ಅಂದೆ.
ಎಷ್ಟು ನಕ್ಕೆವೆಂದರೆ
ಹೊರಗಿದ್ದ ಆಟೋದವನು ಷಟರಿನಡಿ ಬಗ್ಗಿ ನೋಡಿದ.

ಉಳಿದದ್ದು ಕೊನೆಯ ಸಾಲು: ಗಲೆಟ್.
ಬ್ರಿಟನಿ ಸೀಮೆಯದು. ಯಾವುದೋ ಕಪ್ಪು ಕಾಳಿನ ಹಿಟ್ಟು, ನೀರು, ಉಪ್ಪು,
ಕಾದ ಹಂಚಿನ ಮೇಲೆ ತೆಳ್ಳಗೆ ಎಳೆದು
ಮೇಲೆ ಬೆಣ್ಣೆ.
ಮೆಹರು ಪೆನ್ಸಿಲ್ ಕೆಳಗಿಟ್ಟಳು.
ನೀಲವ್ವ, ಇದು ದೋಸೆ ಕಣೇ.
ಅಷ್ಟು ದುಡ್ಡು ಸುರಿದು ದೋಸೆ ತಿನ್ನಾಕೆ ಹೋಗ್ತೀವಾ?

ನಾನು ನಗಲಿಲ್ಲ.
ಆ ಸಾಲಿನ ತುದಿಗೆ ಇನ್ನೊಂದು ಮಾತಿತ್ತು: ಉಪ್ಪು ಬೆಣ್ಣೆ.
ಬೆಣ್ಣೆಗೇ ಉಪ್ಪು ಕಲಸುತ್ತಾರಂತೆ ಅಲ್ಲಿ.

ಇಪ್ಪತ್ತೆರಡು ವರ್ಷದಿಂದ
ಹರಪನಹಳ್ಳಿಯ ಮೊದಲ ಬಸ್ಸಿಳಿದು ಬರುತ್ತಾಳೆ ಕೊಟ್ರವ್ವ,
ಬುಟ್ಟಿಯಲ್ಲಿ ಮುತ್ತುಗದೆಲೆ, ಎಲೆಯಲ್ಲಿ ಮುದ್ದೆ.
ಹೆಬ್ಬೆರಳು ಒತ್ತುತ್ತೇನೆ, ಮೂಸುತ್ತೇನೆ.
ಮಜ್ಜಿಗೆ ಉಳಿದಿದ್ದರೆ ಬೆರಳು ಒದ್ದೆ.
ಎಮ್ಮೆ ಹತ್ತಿಕಾಳು ತಿಂದಿದ್ದರೆ ಒಂದು ವಾಸನೆ,
ಹಸಿ ಮೆಕ್ಕೆಜೋಳದ ದಂಟು ತಿಂದಿದ್ದರೆ ಇನ್ನೊಂದು.
ಮೊನ್ನೆಯದನ್ನು ಇವತ್ತಿನದು ಅಂತ ತಂದ ದಿನ
ಮಾತಾಡದೆ ಬುಟ್ಟಿ ಹಿಂದಕ್ಕೆ ಸರಿಸಿದ್ದೇನೆ.
ನನ್ನ ಓದು ನಾಲ್ಕನೇ ಕ್ಲಾಸು. ಈ ಬೆರಳಿಗೆ ಮಾತ್ರ
ಊರಲ್ಲಿ ಯಾರೂ ಎದುರಾಡಿಲ್ಲ.

ಅಲ್ಲಿಯ ಹಸು ಏನು ಮೇಯುತ್ತದೋ.
ಕಡಲ ದಂಡೆಯ ಹುಲ್ಲಿಗೇ ಉಪ್ಪಿರುತ್ತದೋ.
ಅಲ್ಲೂ ಒಬ್ಬಳು, ಚಳಿಯಲ್ಲಿ ಬಾಗಿಲು ತೆರೆದು,
ಹೆಬ್ಬೆರಳು ಒತ್ತಿ ಮೂಗು ಮುರಿಯುತ್ತಾಳೋ.

ಬರಿ, ಅಂದೆ. ಎರಡು ಗಲೆಟ್.
ಒಂದರ ಮೇಲೆ ಬೆಣ್ಣೆ ಹಾಕೋದು ಬೇಡ,
ಬಟ್ಟಲಲ್ಲಿ ಬೇರೆ ಕೊಡಿ ಅಂತ ಬರಿ.
ಯಾಕೆ?
ಮೊದಲು ಬೆರಳಿಗೆ. ಆಮೇಲೆ ಬಾಯಿಗೆ.

ಬರೆದಳು. ಬರೆದು, ನನ್ನ ಮುಖ ನೋಡದೆ ಕೇಳಿದಳು:
ನಮ್ಮದಕ್ಕಿಂತ ಚೆನ್ನಾಗಿದ್ದರೆ?

ಹೊರಗೆ ಮಾವನವರು ಬರೆಸಿದ ಬೋರ್ಡಿದೆ,
ದಾವಣಗೆರೆ ಬೆಣ್ಣೆಗೆ ಭೂಮಿ ಮೇಲೆ ಸಾಟಿಯಿಲ್ಲ ಅಂತ.
ಅದನ್ನು ಬರೆಸುವಾಗ ಅವರು ಹರಿಹರದ ಹೊಳೆ ದಾಟಿರಲಿಲ್ಲ.

ಊರಲ್ಲಿ ಹೇಳಲ್ಲ, ಅಂದೆ.
ಕೊಟ್ರವ್ವನಿಗಂತೂ ಹೇಳಲ್ಲ.